ಕಾವಿಯೂ ನಿಲುವಂಗಿಯೂ

ಪಾದ್ರಿಯೊಬ್ಬರು ವಿಶ್ವವಿದ್ಯಾಲಯದ ಕುಲಪತಿಯಾಗುವುದು ಸರಿಯೆ ಎಂದು ನಮ್ಮ ಚರ್ಚಾಕೂಟದಲ್ಲಿ ವಾದವೆದ್ದಿತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜನ್ನು 1882ರಲ್ಲಿ ಫ್ರೆಂಚ್ ಪಾದ್ರಿಗಳು ಆರಂಭಿಸಿದರು. 1937ರಲ್ಲಿ ಅದು ಯೇಸುಸಭೆಯವರ ಕೈಸೇರಿತು. 2022ರಲ್ಲಿ ವಿಶ್ವವಿದ್ಯಾಲಯವಾದಾಗ ಮೊದಲ ಕುಲಪತಿಯಾದವರು ಆ ಸಭೆಯ ಫಾದರ್ ವಿಕ್ಟರ್ ಲೋಬೊ. ನೂರ ನಲವತ್ತು ವರ್ಷಗಳ ದುಡಿಮೆ! 2010ರಲ್ಲಿ ಹುಟ್ಟಿದ ನಮ್ಮ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಅದರ ಮುಂದೆ ಕೂಸು.

ನನಗೇನೋ ಇದರಲ್ಲಿ ವಿಚಿತ್ರ ಕಾಣಲಿಲ್ಲ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು, ಬೆಳಗಾವಿಯಲ್ಲಿ ನಾಗನೂರಿನ ಶಿವಬಸವ ಸ್ವಾಮಿಗಳು ಬಡ ಹುಡುಗರಿಗಾಗಿ ಉಚಿತ ಪ್ರಸಾದನಿಲಯ ನಡೆಯಿಸಿದರು. ಬಡಿಸಿದವರ ಬಟ್ಟೆಯ ಬಣ್ಣ ನೋಡಿ ಯಾರೂ ರೊಟ್ಟಿ ಬಿಟ್ಟಿರಲಿಕ್ಕಿಲ್ಲ.

ನಾನು ಕೇಳುವುದೇ ಬೇರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಿಂದ ಬರುವ ನಮ್ಮಂಥವರಿಗೆ ಇರಲು ಜಾಗವೆಲ್ಲಿ? ನಮ್ಮ ಮನೆಯಲ್ಲಿ ಬಿ.ಎ. ತನಕ ಬಂದವನು ನಾನೇ ಮೊದಲಿಗ. ರಾಮದುರ್ಗದ ಕಡೆಯ ನನ್ನ ಸೋದರಮಾವನ ಮಗಳು ನನಗಿಂತ ಜಾಣೆ. ವಸತಿನಿಲಯದಲ್ಲಿ ಜಾಗ ಸಿಗದೆ ಪಿ.ಯು.ಸಿ.ಗೇ ನಿಂತಳು. ಕುಲಪತಿಗಳು ಕಾವಿಯವರಿರಲಿ, ಕೋಟಿನವರಿರಲಿ, ನಿಲುವಂಗಿಯವರಿರಲಿ, ಅವರ ಮೇಜಿಗೆ ಮೊದಲು ಬರಬೇಕಾದ ಕಾಗದ ಅಂಥವಳ ಅರ್ಜಿ. ಚರ್ಚಾಕೂಟದಲ್ಲಿ ಇದನ್ನು ಹೇಳಿದಾಗ ಕೆಲವರು ನಕ್ಕರು.

ಆಕೆ ಈಗ ಹತ್ತಿ ಬಿಡಿಸಲು ಹೋಗುತ್ತಾಳೆ.