ದೂರ ನಿಲ್ಲೋಣ, ಮಾತಾಡಿಸೋದು ಬಿಡೋದು ಬೇಡ

ನಮ್ಮೂರಿನ ಹಾಲಿನ ಡೈರಿ ಮುಂದೆ ಸುಣ್ಣದಲ್ಲಿ ರೌಂಡು ಹಾಕಿದ್ದರು. 2020ರ ಲಾಕ್‌ಡೌನ್‌ನಲ್ಲಿ ಹಾಕಿದ್ದು ಮಳೆಗೆ ಅಳಿಸಿಹೋಗಿತ್ತು, 2021ರಲ್ಲಿ ಮತ್ತೆ ಹಾಕಿದರು. ಬೆಳಿಗ್ಗೆ, ಸಂಜೆ ಕ್ಯಾನು ಹಿಡಿದು ಒಬ್ಬೊಬ್ಬರು ಒಂದೊಂದು ರೌಂಡಿನಲ್ಲಿ ನಿಲ್ಲುತ್ತಿದ್ದರು. ಮುಂದಿನವರು ಹಾಲು ಹಾಕಿ ಹೋದ ಮೇಲೆ ಒಂದು ರೌಂಡು ಮುಂದಕ್ಕೆ.

ಆ ಸಾಲಿಗೆ ಒಬ್ಬರು ಅಜ್ಜಿ ಬರುತ್ತಾರೆ. ಮನೆಯಲ್ಲಿ ಇರುವುದು ಒಂದೇ ಹಸು, ಹೊತ್ತಿಗೆ ಎರಡೂವರೆ ಲೀಟರ್ ಹಾಲು. ಹಾಲು ಹಾಕಿ ಚೀಟಿ ತಗೊಂಡ ಮೇಲೂ ಅವರು ಹೋಗುವುದಿಲ್ಲ. ಗೋಡೆ ಪಕ್ಕ ನಿಂತೇ ಇರುತ್ತಾರೆ. ಮೊನ್ನೆ ಸೆಕ್ರೆಟರಿ ಅಣ್ಣ, "ಮನೆಗೆ ಹೋಗವ್ವ, ಪೊಲೀಸ್ರು ಬಂದ್ರೆ ನನಗೆ ಬೈತಾರೆ" ಅಂದರು. "ಹೋಗಿ ಯಾರ ಹತ್ರ ಮಾತಾಡ್ಲಪ್ಪ? ಹಸು ಹತ್ರ ಬೆಳಿಗ್ಗೆನೇ ಮಾತಾಡಾಯ್ತು" ಅಂದರು ಅಜ್ಜಿ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ಮಾತು ತಲೆಯಿಂದ ಹೋಗಲೇ ಇಲ್ಲ. ಅಜ್ಜಿಯ ಮಗ ಬೆಂಗಳೂರಿನಲ್ಲಿ ಆಟೋ ಓಡಿಸುತ್ತಾನೆ. ಯುಗಾದಿಗೆ ಬಂದು ಹೋದವನು ಮತ್ತೆ ಬಂದಿಲ್ಲ. ಬರಬೇಡ ಅಂದದ್ದೂ ಅಜ್ಜಿಯೇ.

2021ರಲ್ಲಿ ಲಾಕ್‌ಡೌನ್ ಜೂನ್ 7ರವರೆಗೆ ಮುಂದಕ್ಕೆ ಹೋಗಿತ್ತು. ಬೆಳಿಗ್ಗೆ 6ರಿಂದ 10ರವರೆಗೆ ಅಂಗಡಿ, ಆಮೇಲೆ ಊರೆಲ್ಲ ಬಿಕೋ ಅನ್ನುತ್ತಿತ್ತು. ಇದು ಬೇಕಿತ್ತೋ ಬೇಡವೋ ಅಂತ ನಾನು ಇಲ್ಲಿ ವಾದ ಮಾಡುವುದಿಲ್ಲ. 2020ರ ಮೇ ಎರಡನೇ ವಾರದವರೆಗೂ ನಮ್ಮ ಕೋಲಾರ ಜಿಲ್ಲೆ ಹಸಿರು ವಲಯದಲ್ಲಿತ್ತು. ಮುಳಬಾಗಿಲು ತಾಲ್ಲೂಕಿನಲ್ಲಿ ಕೇಸು ಬಂತು ಅಂದಾಗ ಅದನ್ನು ದೊಡ್ಡ ಸುದ್ದಿಯಂತೆ ಮಾತಾಡಿಕೊಂಡಿದ್ದೆವು. 2021ರಲ್ಲಿ ರೋಗ ನಮ್ಮ ಬೀದಿಗೇ ಬಂತು. ದೂರ ನಿಲ್ಲಲೇಬೇಕಿತ್ತು, ಮಾಸ್ಕ್ ಹಾಕಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಇರುವುದು 'ಸಾಮಾಜಿಕ ಅಂತರ' ಅನ್ನುವ ಪದದ ಮೇಲೆ. ಫೋನ್ ಮಾಡಿದರೆ ರಿಂಗ್ ಆಗುವ ಮೊದಲೇ ಕಾಪಾಡಿಕೊಳ್ಳಿ ಅಂತ ಹೇಳಿ ಹೇಳಿ ನಮಗೆ ಬಾಯಿಪಾಠ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್‌ನಲ್ಲಿ ಆ ಮಾತು ಬೇಡ, 'ದೈಹಿಕ ಅಂತರ' ಅನ್ನೋಣ ಅಂದಿತ್ತು. ದೂರ ಇರಬೇಕಾದದ್ದು ಮೈ, ಮನುಷ್ಯರ ಸಂಬಂಧ ಅಲ್ಲ ಅನ್ನುವುದು ಅವರ ವಿವರಣೆ. ಆ ತಿದ್ದುಪಡಿ ನಮ್ಮ ಹಳ್ಳಿಗಳಿಗೆ ಬಂದು ಮುಟ್ಟಲಿಲ್ಲ. ಸಾಮಾಜಿಕ ಅಂತರ ನಮಗೆ ಹೊಸದೂ ಅಲ್ಲ ಬಿಡಿ. ಹೋಟೆಲ್ಲಿನಲ್ಲಿ ಬೇರೆ ಲೋಟ, ದೇವಸ್ಥಾನದ ಹೊರಗೆ ನಿಲ್ಲಿಸುವುದು, ಇದನ್ನೆಲ್ಲ ನೋಡಿದ ಜಿಲ್ಲೆ ನಮ್ಮದು. ಅಂಥ ಕಡೆ ಆ ಪದವನ್ನು ದಿನಕ್ಕೆ ಹತ್ತು ಸಲ ಕಿವಿಗೆ ಹಾಕಿದರೆ ಏನಾಗುತ್ತದೋ ಅದೇ ಆಯಿತು. 2020ರಲ್ಲಿ ಬೆಂಗಳೂರಿನಿಂದ ಬಂದ ನಮ್ಮದೇ ಹುಡುಗರು ಊರಿಗೆ ಬಾರದಂತೆ ದಾರಿಗೆ ಮುಳ್ಳು ಹಾಕಿದೆವು, ಕೆಲವು ಕಡೆ ಮಣ್ಣು ಸುರಿದು ರಸ್ತೆ ಮುಚ್ಚಿದೆವು. ಪಾಸಿಟಿವ್ ಬಂದವರ ಮನೆಗೆ ಹಾಲು ಕೊಡುವುದು ನಿಲ್ಲಿಸಿದವರೂ ಇದ್ದಾರೆ. ಕಾಯಿಲೆ ಹದಿನಾಲ್ಕು ದಿನಕ್ಕೆ ಹೋಯಿತು. ಆ ಮನೆಯವರು ಊರಿನ ಜೊತೆ ಬಿಟ್ಟ ಮಾತು ಇನ್ನೂ ಕೂಡಿಲ್ಲ.

ನಮ್ಮ ಭಾಷೆಯಲ್ಲಿ ಒಂದು ಒಳ್ಳೆ ಪದ ಇದೆ, ಮಾತಾಡಿಸಿಕೊಂಡು ಬರೋದು. ಯಾರಿಗೋ ಹುಷಾರಿಲ್ಲ, ಆಸ್ಪತ್ರೆಯಿಂದ ಬಂದಿದ್ದಾರೆ, ಯಾರದೋ ಮನೆಯಲ್ಲಿ ಸಾವಾಗಿದೆ ಅಂದರೆ "ಹೋಗಿ ಮಾತಾಡಿಸಿಕೊಂಡು ಬಾ" ಅನ್ನುತ್ತಾರೆ. ನೋಡಿಕೊಂಡು ಬಾ ಅಂತಲೂ ಅನ್ನುತ್ತೇವೆ, ಆದರೆ ಮಾತಾಡಿಸು ಅನ್ನುವುದರಲ್ಲಿ ಹೆಚ್ಚು ಇದೆ. ನಾವು ಹೋಗಿ ಮಾತಾಡುವುದಲ್ಲ, ಅವರು ಮಾತಾಡುವ ಹಾಗೆ ಮಾಡುವುದು. ಆ ಸಮಯದಲ್ಲಿ ನಾವು ಕಳೆದುಕೊಂಡದ್ದರಲ್ಲಿ ಇದೇ ದೊಡ್ಡದು ಅಂತ ನನಗೆ ಅನ್ನಿಸುತ್ತದೆ.

ಸಾವಿನ ಮನೆಯನ್ನೇ ನೋಡಿ. ನಮ್ಮ ಕಡೆ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರು ಅಡುಗೆ ಮಾಡಿಕೊಂಡು ಬರುತ್ತಾರೆ, ಬಲವಂತ ಮಾಡಿ ಎರಡು ತುತ್ತು ತಿನ್ನಿಸುತ್ತಾರೆ. ಹೆಂಗಸರು ಬಂದು ತಬ್ಬಿಕೊಂಡು ಅಳುತ್ತಾರೆ. ಹಾಲುತುಪ್ಪ, ತಿಥಿ ಅಂತ ಮನೆ ತುಂಬ ಜನ. ಬಂದವರೆಲ್ಲ "ಹೆಂಗಾಯ್ತು?" ಅಂತ ಕೇಳುತ್ತಾರೆ, ಮನೆಯವರು ಅದೇ ಕಥೆಯನ್ನು ಇಪ್ಪತ್ತು ಸಲ ಹೇಳುತ್ತಾರೆ. ಇದು ಯಾಕಪ್ಪ ಅಂತ ಚಿಕ್ಕವಯಸ್ಸಿನಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಈಗ ಅರ್ಥ ಆಗುತ್ತಿದೆ. ಇಪ್ಪತ್ತು ಸಲ ಹೇಳಿದಾಗ ದುಃಖ ಸ್ವಲ್ಪ ಸವೆಯುತ್ತದೆ.

ಆ ದಿನಗಳಲ್ಲಿ ನನಗೆ ಬೇಕಾದವರ ಮನೆಯಲ್ಲಿ ಒಂದು ಸಾವಾಯಿತು. ಆಸ್ಪತ್ರೆಯಿಂದ ನೇರ ಸ್ಮಶಾನ. ಮಣ್ಣಿಗೆ ಹೋದವರು ಬೆರಳೆಣಿಕೆಯಷ್ಟು ಜನ. ಹೆಂಡತಿ, ಮಗಳು ಕ್ವಾರಂಟೈನ್ ಅಂತ ಮನೆಯೊಳಗೆ. ಮುಖ ನೋಡಲಿಲ್ಲ, ಯಾರ ಹೆಗಲ ಮೇಲೂ ತಲೆ ಇಟ್ಟು ಅಳಲಿಲ್ಲ. ನಾವೆಲ್ಲ ಏನು ಮಾಡಿದೆವು? ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೋಟೊ ಹಾಕಿ 'ಓಂ ಶಾಂತಿ' ಬರೆದೆವು. ಫೋನ್ ಮಾಡಲು ಭಯ. ಏನು ಮಾತಾಡುವುದು ಅಂತ ಭಯ. ನಾನು ಫೋನ್ ಮಾಡಿದ್ದು ಆರನೇ ದಿನ, ಇದನ್ನು ಬರೆಯಲು ನಾಚಿಕೆ ಆಗುತ್ತದೆ. ಆ ಅಕ್ಕ ಮುಕ್ಕಾಲು ಗಂಟೆ ಮಾತಾಡಿದರು. ನಾನು ಹೂಂ ಅಂದದ್ದು ಬಿಟ್ಟರೆ ಏನೂ ಹೇಳಲಿಲ್ಲ. ಕೊನೆಗೆ ಅವರೇ, "ನಾಳೆನೂ ಮಾಡಮ್ಮ" ಅಂದರು.

ಒಂಟಿತನ ಅನ್ನುವುದು ನಮ್ಮ ಬಾಯಲ್ಲಿ ಬರುವ ಪದ ಅಲ್ಲ, ಪುಸ್ತಕದ ಪದ. ತುಂಬಿದ ಮನೆಯಲ್ಲಿ ಕೂತು "ನಾನು ಒಂಟಿ" ಅಂದರೆ ಯಾರಾದರೂ ನಗುತ್ತಾರೆ. ಅದಕ್ಕೇ ಜನ ಬೇರೆ ಥರ ಹೇಳುತ್ತಾರೆ. ಊಟ ಸೇರ್ತಿಲ್ಲ. ರಾತ್ರಿ ನಿದ್ದೆ ಬರ್ತಿಲ್ಲ. ತಲೆ ಕೆಟ್ಟೋಗಿದೆ. ಏನೂ ಬೇಡ ಅನ್ಸುತ್ತೆ. ಈ ಮಾತು ಕೇಳಿದಾಗ ನಾವು ಗ್ಯಾಸ್ಟ್ರಿಕ್ ಮಾತ್ರೆ ತಗೋ ಅಂತೀವಿ.

ಹೆಂಗಸರ ಕಥೆ ಇನ್ನೂ ವಿಚಿತ್ರ. ಅವರಿಗೆ ಆ ಲಾಕ್‌ಡೌನ್‌ನಲ್ಲಿ ಒಂದು ನಿಮಿಷವೂ ಒಬ್ಬರೇ ಇರಲು ಸಿಕ್ಕಲಿಲ್ಲ. ಗಂಡ ಮನೆಯಲ್ಲಿ, ಮಕ್ಕಳು ಮನೆಯಲ್ಲಿ, ಬೆಂಗಳೂರಿನಿಂದ ಬಂದ ಮೈದುನ ಮನೆಯಲ್ಲಿ. ಮೂರು ಹೊತ್ತೂ ಒಲೆ ಮುಂದೆ. ನನ್ನ ಚಿಕ್ಕಮ್ಮನ ತವರು ಪುಂಗನೂರು ಕಡೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಂತೆ ನಮ್ಮದರಲ್ಲೂ ಗಡಿಯಾಚೆಯಿಂದ ಹೆಣ್ಣು ತಂದಿದ್ದಾರೆ. ಮೊದಲು ಬಸ್ ಹತ್ತಿದರೆ ತವರು, ಆಗ ನಂಗಲಿ ದಾಟುವುದೇ ಒಂದು ದೊಡ್ಡ ಮಾತಾಗಿತ್ತು. ಚಿಕ್ಕಮ್ಮ ತೆಲುಗಿನಲ್ಲಿ ಅವರಮ್ಮನ ಹತ್ತಿರ ಮಾತಾಡಲು ಫೋನ್ ಹಿಡಿದು ಹಿತ್ತಲಿಗೆ ಹೋಗುತ್ತಾರೆ. ಹಿತ್ತಲಿಗೆ ಹೋದರೆ ಒಳಗಿಂದ ಯಾರೋ ಕೂಗುತ್ತಾರೆ, "ಕಾಫಿ ಆಯ್ತಾ?" ಸುತ್ತಲೂ ಜನ ಇದ್ದರೂ ಮನಸ್ಸಿನ ಮಾತು ಕೇಳುವ ಒಬ್ಬರೂ ಇಲ್ಲದ ಸ್ಥಿತಿ ಇದು. ಇದಕ್ಕೆ ಮನೆಯವರು ಮಾಡಬಹುದಾದ ಸಹಾಯ ತುಂಬ ಸಣ್ಣದು. ದಿನಕ್ಕೆ ಅರ್ಧ ಗಂಟೆ ಆಕೆಯನ್ನು ಕೂಗಬೇಡಿ, ಅಷ್ಟೇ.

ಗಂಡಸರ ಹತಾಶೆಯೂ ಸುಳ್ಳಲ್ಲ. ಟೊಮೆಟೊ ಕಿತ್ತ ಕೂಲಿಯೂ ಹುಟ್ಟದೆ ರಸ್ತೆ ಬದಿ ಸುರಿದವರು ನಮ್ಮಲ್ಲೇ ಇದ್ದಾರೆ. ಶ್ರೀನಿವಾಸಪುರದ ಮಾವಿನ ತೋಪಿನವರಿಗೆ ಸೀಸನ್ ಹೊತ್ತಿಗೆ ಸರಿಯಾಗಿ ಲಾಕ್‌ಡೌನ್. ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆ, ಟೇಕಲ್, ಮಾಲೂರಿನಿಂದ ದಿನಾ ಬೆಂಗಳೂರಿಗೆ ಹೋಗಿ ಬರುತ್ತಿದ್ದವರಿಗೆ ಸಂಬಳ ಮಾತ್ರ ಅಲ್ಲ, ರೈಲಿನ ಸ್ನೇಹಿತರೂ ಹೋದರು. ವರ್ಷಗಟ್ಟಲೆ ಒಂದೇ ಬೋಗಿಯಲ್ಲಿ ಕೂತು ಹರಟಿದವರ ಫೋನ್ ನಂಬರ್ ಕೂಡ ತಗೊಂಡಿರಲಿಲ್ಲ ಅಂತ ಒಬ್ಬರು ಹೇಳಿದರು. ದಿನಾ ಸಿಗ್ತಾನಲ್ಲ, ನಂಬರ್ ಯಾಕೆ ಅನ್ನುವ ಲೆಕ್ಕ. ಈ ಸಿಟ್ಟೆಲ್ಲ ಬೇರೆ ದಾರಿ ಕಾಣದೆ ಬೆಳಿಗ್ಗೆಯೇ ಬಾಟಲಿ ಕಡೆ ತಿರುಗಿ, ಆಮೇಲೆ ಹೆಂಡತಿ ಮೇಲೆ ಬೀಳುತ್ತಿತ್ತು. ಕಷ್ಟ ಇದೆ ಅಂತ ಹೊಡೆಯುವುದಕ್ಕೆ ಯಾರಿಗೂ ಹಕ್ಕು ಬರುವುದಿಲ್ಲ. ಪಕ್ಕದ ಮನೆಯಲ್ಲಿ ಕೂಗು ಕೇಳಿದರೆ ಟಿವಿ ಸೌಂಡ್ ಜಾಸ್ತಿ ಮಾಡಬೇಡಿ. ಮಹಿಳಾ ಸಹಾಯವಾಣಿ 181, ಪೊಲೀಸ್ 112.

ಮಕ್ಕಳ ಬಗ್ಗೆ ಬರೆದರೆ ಬೇರೆಯದೇ ಲೇಖನ ಆಗುತ್ತದೆ. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಬಂದಾಗ ಮರದ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ ಮೇಷ್ಟ್ರ ಮುಖ ನೋಡಿ ಎಷ್ಟು ಖುಷಿಪಟ್ಟಿದ್ದವು! ಅಕ್ಟೋಬರ್‌ನಲ್ಲಿ ಅದೂ ನಿಂತಿತು. 2021ರ ಜೂನ್ 21ಕ್ಕೆ ಶುರುವಾಗಬೇಕಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಂದಕ್ಕೆ ಹೋಯಿತು. ಹತ್ತನೇ ಕ್ಲಾಸಿನ ಹುಡುಗಿಯನ್ನು "ಓದ್ತಿದೀಯಾ?" ಅಂತ ದಿನಾ ಕೇಳುವ ಬದಲು ಅವಳ ಗೆಳತಿಗೆ ಒಂದು ಸಲ ಫೋನ್ ಹಚ್ಚಿ ಕೊಡಿ.

ಟಿವಿಯಲ್ಲಿ ದಿನಾ ಸಲಹೆ ಬರುತ್ತಿತ್ತು. ಹೊಸ ಹವ್ಯಾಸ ಬೆಳೆಸಿಕೊಳ್ಳಿ, ಬಾಲ್ಕನಿಯಲ್ಲಿ ಗಿಡ ಬೆಳೆಸಿ, ಒಳ್ಳೆ ಸಿನಿಮಾ ನೋಡಿ. ಕೊಟ್ಟಿಗೆ ಬಾಚಿ, ಹುಲ್ಲು ತಂದು, ಹಿಪ್ಪುನೇರಳೆ ಸೊಪ್ಪು ಹಾಕಿ ಬಂದವರಿಗೆ ಇದನ್ನು ಹೇಳಿದರೆ ಏನನ್ನಬೇಕು? ನಮಗೆ ಬೇಕಿರುವುದು ಕೈಗೆ ಕೆಲಸ ಅಲ್ಲ, ಅದು ಬೇಕಾದಷ್ಟಿದೆ. ಬೇಕಿರುವುದು ಆ ಕೆಲಸದ ಜೊತೆ ಇದ್ದ ಮಾತು.

ಹಾಗಾದರೆ ಏನು ಮಾಡೋದು ಅಂತ ಕೇಳಿದರೆ, ನಾನು ಡಾಕ್ಟರ್ ಅಲ್ಲ. ನಾನು ಮಾಡುತ್ತಿರುವುದನ್ನು ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಒಬ್ಬರೇ ಇರುವ ವಯಸ್ಸಾದವರು ಮೂವರು. ಸಂಜೆ ಮಾಸ್ಕ್ ಹಾಕಿಕೊಂಡು, ಜಗಲಿ ಹತ್ತದೆ, ಬೀದಿಯಲ್ಲೇ ನಿಂತು ಮಾತಾಡಿಸುತ್ತೇನೆ. ಐದು ನಿಮಿಷ ಸಾಕು. ಆದರೆ ದಿನಾ ಅದೇ ಹೊತ್ತಿಗೆ ಹೋಗಬೇಕು, ಕಾಯುತ್ತಿರುತ್ತಾರೆ. "ಧೈರ್ಯವಾಗಿರಿ" ಅಂತ ಹೇಳುವುದನ್ನು ನಿಲ್ಲಿಸಿದ್ದೇನೆ. "ಏನು ಸಾರು ಇವತ್ತು?" ಅಂತ ಕೇಳಿದರೆ ಅಲ್ಲಿಂದ ಮಾತು ತಾನೇ ಎಲ್ಲೆಲ್ಲಿಗೋ ಹೋಗುತ್ತದೆ. ಪಾಸಿಟಿವ್ ಬಂದವರಿಗೆ "ಎಲ್ಲಿಂದ ಅಂಟಿತು?" ಅಂತ ಕೇಳಬಾರದು, ಅದು ಪೊಲೀಸ್ ವಿಚಾರಣೆ ಥರ ಇರುತ್ತದೆ. 2021ರಲ್ಲಿ ಹಳ್ಳಿಯವರನ್ನು ಮನೆಯಲ್ಲಿ ಬಿಡದೆ ಕೋವಿಡ್ ಕೇರ್ ಸೆಂಟರ್‌ಗೆ ಕಳಿಸಿ ಅಂತ ಸರ್ಕಾರ ಹೇಳಿತ್ತು. ಹೋಗುವವರ ಬ್ಯಾಗಿಗೆ ಬಟ್ಟೆ ಜೊತೆ ಚಾರ್ಜರ್ ಇಡುವುದು ಮರೆಯಬೇಡಿ. ಅವರ ಹಸುವಿಗೆ ಹುಲ್ಲು ಯಾರು ಹಾಕುತ್ತಾರೆ ಅನ್ನುವುದನ್ನು ಆಂಬ್ಯುಲೆನ್ಸ್ ಹೊರಡುವ ಮೊದಲೇ ಅವರ ಮುಂದೆ ಹೇಳಿಬಿಡಿ. ಮಾಲೂರು ಕಡೆ ಇಟ್ಟಿಗೆ ಗೂಡಿನಲ್ಲಿ ಬೇರೆ ರಾಜ್ಯದಿಂದ ಬಂದು ಉಳಿದವರಿಗೆ ನಮ್ಮ ಭಾಷೆ ಬರುವುದಿಲ್ಲ. ಕೈ ಎತ್ತಿದರೂ ಅವರಿಗೆ ಅದು ಮಾತೇ.

ಕೆಲವರಿಗೆ ನಮ್ಮ ಮಾತು ಸಾಕಾಗುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಸತ್ತರೆ ಸಾಕು ಅನ್ನುತ್ತಿದ್ದಾರೆ ಅಂದರೆ "ಹಂಗೆಲ್ಲ ಅನ್ನಬೇಡ" ಅಂತ ಬಾಯಿ ಮುಚ್ಚಿಸಬೇಡಿ. ಅವರನ್ನು ಒಬ್ಬರೇ ಬಿಡಬೇಡಿ. ನಿಮ್ಹಾನ್ಸ್‌ನವರು 2020ರಲ್ಲಿ ಒಂದು ಸಹಾಯವಾಣಿ ಶುರು ಮಾಡಿದ್ದರು. ದುಡ್ಡು ಕೊಡಬೇಕಾಗಿರಲಿಲ್ಲ, ಕನ್ನಡದಲ್ಲೇ ಮಾತಾಡಬಹುದಿತ್ತು. ಆರೋಗ್ಯವಾಣಿ 104ಕ್ಕೂ ಮಾಡಬಹುದು. ನಂಬರ್ ಒತ್ತಿ, ಫೋನ್ ಅವರ ಕೈಗೆ ಕೊಟ್ಟು, ನೀವು ಸ್ವಲ್ಪ ದೂರ ಹೋಗಿ ನಿಲ್ಲಿ. ನಮ್ಮೂರಿನಲ್ಲಿ "ಹುಚ್ಚಾಸ್ಪತ್ರೆಗೆ ಫೋನ್ ಮಾಡಿದ್ರಂತೆ" ಅನ್ನುವ ಮಾತಿಗೆ ಹೆದರಿ ಎಷ್ಟೋ ಜನ ಸುಮ್ಮನಿದ್ದಾರೆ. ಆಡಿಕೊಳ್ಳುವವರ ಮನೆಯಲ್ಲೂ ಈಗ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ.

ಡೈರಿ ಅಜ್ಜಿಯ ವಿಷಯ. ಮೂರು ದಿನದ ಹಿಂದೆ ಸೆಕ್ರೆಟರಿ ಅಣ್ಣ ಸಾಲಿನಿಂದ ಆಚೆ, ಹುಣಸೆಮರದ ಕೆಳಗೆ ಇನ್ನೊಂದು ರೌಂಡು ಹಾಕಿಸಿ, ಅದರೊಳಗೆ ಒಂದು ಚಪ್ಪಡಿ ಕಲ್ಲು ಇಡಿಸಿದ್ದಾರೆ. ಹಾಲು ಹಾಕಿದ ಮೇಲೆ ಅಜ್ಜಿ ಅಲ್ಲಿ ಕೂರುತ್ತಾರೆ. ಸಾಲಿನಲ್ಲಿ ಬಂದವರು ಬಂದವರೇ ಒಂದು ಮಾತಾಡಿಸಿ ಹೋಗುತ್ತಾರೆ. ನಿನ್ನೆ ನನ್ನ ಸರದಿ ಬಂದಾಗ ಅಜ್ಜಿ ಮಾಸ್ಕ್ ಕೆಳಗೆ ಎಳೆದು ನನ್ನನ್ನೇ ಕೇಳಿದರು, "ಯಾಕೆ ಸೊರಗಿದೀಯ, ಉಣ್ತಿಲ್ವಾ?" ಮಾಸ್ಕ್ ಮೇಲೆ ಹಾಕ್ಕೊಳ್ಳಿ ಅಜ್ಜಿ ಅಂದೆ. ಆಮೇಲೆ ಉತ್ತರ ಹೇಳಿದೆ.