ಇಪ್ಪತ್ತೈದರ ಗೆರೆ ಯಾರ ಮೈಮೇಲೆ ಎಳೆದದ್ದು?

ಇಷ್ಟು ಕಡಿಮೆ ಅರ್ಹತೆಯಿಂದ ಇಷ್ಟು ದೀರ್ಘಕಾಲ ಅಧಿಕಾರ ಚಲಾಯಿಸಿದ ಅಂಕಿ ವೈದ್ಯಕೀಯದಲ್ಲಿ ಮತ್ತೊಂದಿರಲಾರದು. ಕಿಲೋಗಳಲ್ಲಿರುವ ದೇಹದ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ. ಅದು 25ರ ಕೆಳಗಿದ್ದರೆ ‘ಸಹಜ’, 30 ಮುಟ್ಟಿದರೆ ‘ಸ್ಥೂಲಕಾಯ’. ಹೊರದೇಶಗಳಲ್ಲಿ ನೆಲೆಸಿದ ಅಸಂಖ್ಯ ದಕ್ಷಿಣ ಏಷ್ಯನ್ನರು ವರ್ಷಕ್ಕೊಮ್ಮೆ ‘ಸಹಜ’ವೆಂಬ ತೀರ್ಪನ್ನು ಹಿಡಿದು ನೆಮ್ಮದಿಯಿಂದ ಮನೆಗೆ ಮರಳುತ್ತಾರೆ. ಆ ನೆಮ್ಮದಿಗೆ ಆಧಾರವಿಲ್ಲ.

ಈ ಭಾಗಾಕಾರವನ್ನು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ರೂಪಿಸಿದ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ವೈದ್ಯನಲ್ಲ; ಖಗೋಳಶಾಸ್ತ್ರಜ್ಞ, ಸಂಖ್ಯಾಶಾಸ್ತ್ರಜ್ಞ. ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತಿದ್ದವನಿಗೆ ರೋಗಿಯ ಚಿಂತೆಯಿರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಈಗಿನ ಹೆಸರನ್ನಿಟ್ಟಾಗಲೂ ಉದ್ದೇಶ ಜನಸಮೂಹಗಳ ಅಧ್ಯಯನವೇ ಆಗಿತ್ತು. ಆತನ ಲೆಕ್ಕದಲ್ಲಿದ್ದವರೆಲ್ಲ ಗಂಡಸರು, ಅವರಲ್ಲಿ ಭಾರತೀಯರ ಗುಂಪೊಂದೂ ಇರಲಿಲ್ಲ. ಸಮೂಹಕ್ಕೆ ಹೊಲಿದ ಅಂಗಿಯನ್ನು ವ್ಯಕ್ತಿಗೆ ತೊಡಿಸಿದ ಕೀರ್ತಿ ನಂತರದವರದು.

ತಕ್ಕಡಿಗೆ ಕೊಬ್ಬಿಗೂ ಸ್ನಾಯುವಿಗೂ ವ್ಯತ್ಯಾಸ ತಿಳಿಯದು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇಬ್ಬರು ಸಂಶೋಧಕರ ಚಿತ್ರವನ್ನು ಅಕ್ಕಪಕ್ಕದಲ್ಲಿ ಪ್ರಕಟಿಸಿತು: ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್. ಇಬ್ಬರ ಬಿಎಂಐ 22.3. ಆದರೆ ಯಡ್ಕಿನ್ನರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ದೇಹದಲ್ಲಿ ಶೇ. 21.2. ಇದೊಂದು ಚಮತ್ಕಾರದ ಚಿತ್ರವಲ್ಲ. 170 ಸೆಂ.ಮೀ. ಎತ್ತರದ, 69 ಕಿಲೋ ತೂಕದ, ಸಣ್ಣ ಕೈಕಾಲುಗಳ, ದುಂಡು ಹೊಟ್ಟೆಯ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಿ. ಅಂಥವರು ಎಲ್ಲ ಕನ್ನಡ ಕೂಟಗಳಲ್ಲೂ ಸಿಗುತ್ತಾರೆ. ಬಿಎಂಐ 23.9, ಅಂದರೆ ಪಾಸು. ಸೊಂಟದ ಸುತ್ತಳತೆ 96 ಸೆಂ.ಮೀ. ಅಮೆರಿಕದಲ್ಲಿ ಗಂಡಸರಿಗೆ ರೂಢಿಯಲ್ಲಿರುವ 102ರ ಮಿತಿಯಲ್ಲೂ ಪಾಸು. ದಕ್ಷಿಣ ಏಷ್ಯದ ಗಂಡಸರಿಗೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಸೂಚಿಸಿದ ಮಿತಿ 90. ಇದನ್ನು ಆತನಿಗೆ ಹೇಳುವವರು ಯಾರು?

ಇತ್ತ ಒಳಗೆ ನಡೆಯುವುದು ಬೇರೆಯೇ. ಹೃದಯ ರಕ್ತವನ್ನು ಹೊರದೂಡಿದಾಗ ಮಹಾಧಮನಿ ಹಿಗ್ಗಬೇಕು, ವಿರಮಿಸಿದಾಗ ಕುಗ್ಗಿ ಆ ರಕ್ತವನ್ನು ಮುಂದೆ ಸಾಗಿಸಬೇಕು. ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಎಂಬ ನಾರು ಬಹುಪಾಲು ಎಳವೆಯಲ್ಲೇ ನೇಯ್ದು ಮುಗಿದಿರುತ್ತದೆ. ಅದು ಸವೆದಂತೆ ಹೊರೆಯೆಲ್ಲ ಗಡುಸಾದ ಕೊಲಾಜೆನ್ ಮೇಲೆ ಬೀಳುತ್ತದೆ. ಗಡುಸಾದ ಕೊಳವೆಯಲ್ಲಿ ನಾಡಿಯ ಅಲೆ ವೇಗವಾಗಿ ಓಡುತ್ತದೆ. ಕತ್ತಿನಿಂದ ತೊಡೆಸಂದಿಗೆ ಅದು ಸೆಕೆಂಡಿಗೆ 10 ಮೀಟರಿಗಿಂತ ವೇಗವಾಗಿ ತಲುಪಿದರೆ ಅಪಾಯದ ಸೂಚನೆ: ಮಿದುಳು, ಮೂತ್ರಪಿಂಡಗಳ ಸೂಕ್ಷ್ಮ ನಾಳಗಳಿಗೆ ಬಡಿತದ ಆಘಾತ ತಗ್ಗದೆಯೇ ತಾಗುತ್ತದೆ. ಈ ವೇಗವನ್ನು ನಿರ್ಧರಿಸುವುದರಲ್ಲಿ ವಯಸ್ಸು, ರಕ್ತದೊತ್ತಡಗಳೇ ಮುಂದು, ನಿಜ. ಅವುಗಳಾಚೆ ಬೊಜ್ಜಿನ ಪಾತ್ರವನ್ನು ಹುಡುಕಿದರೆ ಬಿಎಂಐ ಜೊತೆಗಿನ ನಂಟು ಕೆಲವು ಅಧ್ಯಯನಗಳಲ್ಲಿ ಕಂಡು ಕೆಲವುಗಳಲ್ಲಿ ಮಾಯವಾಗುತ್ತದೆ. ಕರುಳು, ಯಕೃತ್ತುಗಳ ಸುತ್ತ ಕೂತ ಕೊಬ್ಬಿನ ಜೊತೆಗಿನ ನಂಟು ಅಷ್ಟು ಚಂಚಲವಲ್ಲ. ಆ ಕೊಬ್ಬು ಸುಮ್ಮನೆ ಕೂರುವ ದಾಸ್ತಾನಲ್ಲ. ಇನ್ಸುಲಿನ್ನಿಗೆ ದೇಹ ಮಣಿಯದಂತೆ ಮಾಡುತ್ತದೆ, ಉರಿಯೂತವನ್ನು ಹಚ್ಚಿಡುತ್ತದೆ. 52 ದೇಶಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲೂ ಹೃದಯಾಘಾತದೊಂದಿಗೆ ಹೆಚ್ಚು ಬಲವಾಗಿ ಹೊಂದಿಕೊಂಡದ್ದು ಸೊಂಟ-ನಿತಂಬಗಳ ಅನುಪಾತವೇ ಹೊರತು ಬಿಎಂಐ ಅಲ್ಲ.

(ಟೇಪೂ ನಿರ್ದೋಷಿಯಲ್ಲ. ನಾಡಿಯ ವೇಗ ಅಳೆಯುವಾಗ ಕತ್ತಿನಿಂದ ತೊಡೆಸಂದಿಗೆ ಮೈಮೇಲೆ ಟೇಪು ಹಾಸಿದರೆ ಹೊಟ್ಟೆಯ ಉಬ್ಬು ದೂರವನ್ನು ಹಿಗ್ಗಿಸುತ್ತದೆ. ದಪ್ಪಗಿರುವವರ ಧಮನಿ ಇದ್ದದ್ದಕ್ಕಿಂತ ಗಡುಸಾಗಿ ತೋರುತ್ತದೆ. ಬೊಜ್ಜಿನವರ ಮೇಲೆ ಅಪವಾದ ಹೊರಿಸಲು ಉಪಕರಣಗಳಿಗೂ ಅವಸರ.)

ಪ್ರಗತಿಪರರು ಒಂದು ಆಕ್ಷೇಪ ಎತ್ತುತ್ತಾರೆ: ಏಷ್ಯನ್ನರಿಗೆ ಬೇರೆ ಗೆರೆ ಎಳೆಯುವುದು ಜನಾಂಗವಾದವನ್ನು ಹಿತ್ತಿಲ ಬಾಗಿಲಿನಿಂದ ಒಳಕರೆದಂತಲ್ಲವೇ? ಆತಂಕ ಗೌರವಾರ್ಹ, ಆದರೆ ತಡವಾಗಿ ಬಂದದ್ದು. 25ರ ಗೆರೆ ಬಹುಪಾಲು ಯುರೋಪ್ ಮೂಲದವರ ಅಂಕಿಅಂಶಗಳಿಂದ ಹುಟ್ಟಿ ‘ಸಾರ್ವತ್ರಿಕ’ವೆಂಬ ಹೆಸರು ಪಡೆದದ್ದು, ಜನಾಂಗ ಅಲ್ಲಿ ಮೊದಲೇ ಒಳಗಿತ್ತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯದ ಜನರಿಗಾಗಿ 23 ಮತ್ತು 27.5ರ ಹಂತಗಳನ್ನು ಸೂಚಿಸಿಯೂ ಹಳೆಯ ಗೆರೆಗಳನ್ನು ಅಳಿಸಲಿಲ್ಲ. ಇದು ಧೈರ್ಯದ ಕೊರತೆಯೇ ಸರಿ. ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಇನ್ನೂ ಸರಳವಾದ ದಾರಿ ತೋರಿಸಿತು: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಲಿ. ಗಂಡು, ಹೆಣ್ಣು, ಬಿಳಿಯ, ಕಂದು ಎಂಬ ಭೇದ ಅದಕ್ಕಿಲ್ಲ. ಮೇಲಿನ ಗೃಹಸ್ಥ 85 ಮೀರಿ 11 ಸೆಂ.ಮೀ. ಮುಂದಿದ್ದಾನೆ.

‘ಅದು ಜೀನ್ಸು, ಹಣೆಬರಹ’ ಎಂಬ ಸಮಾಧಾನವೂ ಪ್ರಶ್ನಾತೀತವಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಜೋಪಾನ ಮಾಡಿದ್ದ ಹೆರಿಗೆ ದಾಖಲೆಗಳನ್ನು ತೆರೆದ ಸಂಶೋಧಕರು, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮುಂದೆ ಹೃದ್ರೋಗ ಹೆಚ್ಚೆಂದು 1996ರಲ್ಲಿ ತೋರಿಸಿದರು. ಪುಣೆ ಹಾಗೂ ಮೈಸೂರಿನ ನವಜಾತ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ಸಣ್ಣವು. ಆದರೆ ಸ್ನಾಯು ಸೊರಗಿದಷ್ಟು ಚರ್ಮದಡಿಯ ಕೊಬ್ಬು ಸೊರಗಿರುವುದಿಲ್ಲ. ಮನೆಮಂದಿಯೆಲ್ಲ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಗರ್ಭಿಣಿಯ ತಟ್ಟೆಯನ್ನು ಬಿಟ್ಟು ಮಗನ ಹೊಟ್ಟೆಯ ಚರಿತ್ರೆ ಬರೆಯಲಾಗದು. ಅದನ್ನು ತುಪ್ಪದ ಚಟವೆಂದೋ ಸೋಮಾರಿತನವೆಂದೋ ಹಂಗಿಸುವ ಜಿಮ್ಮಿನ ನೀತಿಬೋಧಕರಿಗೆ ಈ ತಟ್ಟೆ ಕಾಣುವುದಿಲ್ಲ.

ರಜೆಗೆ ಊರಿಗೆ ಬಂದವನನ್ನು ‘ಸೊರಗಿ ಹೋಗಿದ್ದೀಯಲ್ಲೋ’ ಎಂದು ಮರುಗುವ ಸಮಾಜವೂ, 23.9 ಎಂದು ಬೆನ್ನು ತಟ್ಟುವ ಕ್ಲಿನಿಕ್ಕೂ ಈ ವಿಷಯದಲ್ಲಿ ಒಂದೇ ಪಕ್ಷ. ಕೂಟಗಳ ಆರೋಗ್ಯ ಶಿಬಿರಗಳಲ್ಲಿ ತಕ್ಕಡಿಯ ಪಕ್ಕ ದರ್ಜಿಯ ಟೇಪೊಂದನ್ನು ಇಡಲು ಯಾವ ಅನುದಾನವೂ ಬೇಕಿಲ್ಲ. ಅಳೆಯಬೇಕಾದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳದೆ. ‘ಪ್ಯಾಂಟಿನ ಸೈಜು 34’ ಎಂಬ ಉತ್ತರವನ್ನು ಬರೆದುಕೊಳ್ಳಬಾರದು: ಹೊಟ್ಟೆಯ ಕೆಳಗೆ ಬೆಲ್ಟು ಬಿಗಿಯುವವನ ಪ್ಯಾಂಟು ಇಪ್ಪತ್ತು ವರ್ಷವಾದರೂ 34ರಲ್ಲೇ ಇರಬಲ್ಲದು.