ಚಿಲಕಕ್ಕೆ ಕಾರಿನ ಭಾರ ಹೊರಿಸಬೇಡಿ

ಕ್ಲಚ್ ಪೆಡಲ್ ಇಲ್ಲದ ಆಟೋಮೆಟಿಕ್ ಕಾರು ನಮ್ಮ ಕರಾವಳಿಯ ಮನೆಗಳಿಗೆ ಹೊಸ ಮಾತೇನಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮವರು ಅಲ್ಲಿ ಓಡಿಸುವುದು ಹೆಚ್ಚಾಗಿ ಇಂಥ ಕಾರನ್ನೇ. 2018ರ ಜೂನ್ 24ರಿಂದ ಸೌದಿ ಅರೇಬಿಯಾದಲ್ಲೂ ಮಹಿಳೆಯರಿಗೆ ಸ್ಟಿಯರಿಂಗ್ ಹಿಡಿಯುವ ಅವಕಾಶ ಸಿಕ್ಕಿತು. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೋ ಬಂದ ಮೇಲೆ, ಮಧ್ಯಮ ವರ್ಗದ ಕೈಗೆಟಕುವ ಬೆಲೆಯಲ್ಲಿ ಇಂಥ ಕಾರುಗಳು ಒಂದೊಂದಾಗಿ ಬಂದವು. ಮಕ್ಕಳನ್ನು ಶಾಲೆಗೆ ಬಿಡಲು, ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯಲು ಕಾರು ಕಲಿಯುವ ಸಹೋದರಿಯರಿಗೆ ಇದು ಒಳ್ಳೆಯ ಅನುಕೂಲ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ದುಬೈ, ದಮ್ಮಾಮ್‌ಗಳ ಪಾರ್ಕಿಂಗ್ ಜಾಗ ಹೆಚ್ಚಾಗಿ ಸಮತಟ್ಟು. ಅಲ್ಲಿ ಲಿವರ್ ಅನ್ನು ‘ಪಿ’ಗೆ ತಳ್ಳಿ ಇಳಿದು ಹೋದರೂ ನಡೆಯುತ್ತದೆ. ನಮ್ಮದು ಹಾಗಲ್ಲ. ಗಂಗಾವಳಿ ನದಿ ಸಮುದ್ರ ಸೇರುವ ಮಂಜಗುಣಿಯ ಕಡೆ ನೋಡಿ. ಒಂದು ಕಡೆ ನೀರು, ಇನ್ನೊಂದು ಕಡೆ ಗುಡ್ಡ. ಇಂಥ ಊರುಗಳಲ್ಲಿ ಅಂಗಳವೇ ಇಳಿಜಾರಾಗಿರುತ್ತದೆ. ಮರಳು ನಾಡಿನಲ್ಲಿ ಕಲಿತ ಅಭ್ಯಾಸವನ್ನು ಇಲ್ಲಿಗೂ ತಂದರೆ ಕಾರಿನ ಗೇರ್ ಬಾಕ್ಸ್ ಸವೆಯುತ್ತದೆ. ಸವೆತ ಇರಲಿ, ಅಂಗಳದಲ್ಲಿ ಆಡುವ ಮಗುವಿನ ಜೀವಕ್ಕೂ ಅಪಾಯ.

‘ಪಿ’ ಎಂದರೆ ಬ್ರೇಕ್ ಅಲ್ಲ

‘ಪಿ’ಗೆ ಹಾಕಿದಾಗ ಚಕ್ರದ ಬ್ರೇಕ್ ಹಿಡಿಯುವುದಿಲ್ಲ. ಗೇರ್ ಬಾಕ್ಸ್‌ನೊಳಗೆ ಹಲ್ಲುಗಳಿರುವ ಒಂದು ಗಾಲಿ ಇದೆ. ಸಣ್ಣದೊಂದು ಲೋಹದ ತುಂಡು ಹೋಗಿ ಆ ಹಲ್ಲುಗಳ ನಡುವೆ ಕೂರುತ್ತದೆ, ಅಷ್ಟೇ. ನಮ್ಮ ಮನೆ ಬಾಗಿಲಿನ ಚಿಲಕದ ಹಾಗೆ. ಚಿಲಕ ಬಾಗಿಲನ್ನು ಮುಚ್ಚಿಡುತ್ತದೆ, ನಿಜ. ಆದರೆ ಮನೆಯವರೆಲ್ಲ ಆ ಬಾಗಿಲಿಗೆ ಒರಗಿ ನಿಂತರೆ ಚಿಲಕ ಎಷ್ಟು ದಿನ ಬಾಳೀತು?

ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ ‘ಪಿ’ ಮಾತ್ರ ಹಾಕಿದರೆ ಆಗುವುದು ಇದೇ. ಸಾವಿರ ಕಿಲೋ ತೂಕದ ಕಾರು ಆ ಸಣ್ಣ ತುಂಡಿಗೆ ಒರಗುತ್ತದೆ. ಬೆಳಿಗ್ಗೆ ಲಿವರ್ ಬಿಗಿಯಾಗಿ, ಜೋರಾಗಿ ಎಳೆದಾಗ ‘ಟಕ್’ ಎಂದು ಬಿಡಿಸಿಕೊಂಡರೆ ಚಿಲಕದ ಮೇಲೆ ಭಾರ ಬಿದ್ದಿತ್ತೆಂದೇ ತಿಳಿಯಿರಿ. ಹಿಂದಿನಿಂದ ಇನ್ನೊಂದು ವಾಹನ ತಾಗಿದರೆ ಆ ತುಂಡು ಮುರಿಯಲೂಬಹುದು.

ಸರಿಯಾದ ಕ್ರಮ ಸುಲಭ. ಒಂದು ವಾರ ಮನಸ್ಸಿಟ್ಟು ಮಾಡಿದರೆ ಕೈಗೆ ತಾನಾಗಿ ಬರುತ್ತದೆ.

1. ಕಾಲಿನ ಬ್ರೇಕ್ ಒತ್ತಿ ಕಾರನ್ನು ಪೂರ್ತಿ ನಿಲ್ಲಿಸಿ.
2. ಬ್ರೇಕ್ ಒತ್ತಿಕೊಂಡೇ ಲಿವರ್ ಅನ್ನು ‘ಎನ್’ಗೆ ತನ್ನಿ.
3. ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆಯಿರಿ.
4. ಕಾಲನ್ನು ನಿಧಾನವಾಗಿ ಸಡಿಲಿಸಿ. ಕಾರು ತುಸು ಅಲುಗಿ ಹ್ಯಾಂಡ್ ಬ್ರೇಕಿನ ಮೇಲೆ ನಿಲ್ಲುತ್ತದೆ. ಉರುಳುವಂತೆ ಕಂಡರೆ ಕೂಡಲೇ ಕಾಲಿನ ಬ್ರೇಕ್ ಒತ್ತಿ.
5. ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಿ, ಎಂಜಿನ್ ಆರಿಸಿ.

ಹೊರಡುವಾಗ ಇದೇ ಲೆಕ್ಕ ತಿರುಗಿಸಿ. ಮೊದಲು ಕಾಲಿನ ಬ್ರೇಕ್ ಒತ್ತಿ ಎಂಜಿನ್ ಶುರು ಮಾಡಿ, ‘ಪಿ’ಯಿಂದ ‘ಡಿ’ಗೋ ‘ಆರ್’ಗೋ ತಂದು, ಕೊನೆಯಲ್ಲಿ ಹ್ಯಾಂಡ್ ಬ್ರೇಕ್ ಬಿಡಿ. ಇಳಿಜಾರು ಹೆಚ್ಚಿದ್ದರೆ ಚಕ್ರಕ್ಕೆ ಒಂದು ಕಲ್ಲು ಕೊಡಲು ನಾಚಿಕೆ ಬೇಡ. ಲಾರಿಯವರು ಅದನ್ನು ಸುಮ್ಮನೆ ಮಾಡುವುದಿಲ್ಲ.

ನಿಮ್ಮ ಕಾರಿನಲ್ಲಿ ‘ಪಿ’ ಇದೆಯೇ?

ಇದನ್ನು ಮೊದಲು ನೋಡಿಕೊಳ್ಳಿ. ಕಡಿಮೆ ಬೆಲೆಯ ಆಟೋಮೆಟಿಕ್ ಕಾರುಗಳಲ್ಲಿ ಹಲವು ‘ಎಎಂಟಿ’ ಎಂಬ ಬಗೆಯವು. ಅಲ್ಲಿ ಕ್ಲಚ್ ಸಾಮಾನ್ಯ ಕಾರಿನದೇ, ಅದನ್ನು ಒತ್ತುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಇಂಥ ಎಷ್ಟೋ ಕಾರುಗಳಲ್ಲಿ ‘ಪಿ’ ಇರುವುದೇ ಇಲ್ಲ. ‘ಎನ್’ನಲ್ಲಿ ಬಿಟ್ಟು ಇಳಿದರೆ ಕಾರನ್ನು ಹಿಡಿದಿರುವುದು ಹ್ಯಾಂಡ್ ಬ್ರೇಕ್ ಒಂದೇ. ಆದ್ದರಿಂದ ಹ್ಯಾಂಡ್ ಬ್ರೇಕ್ ಎಳೆದು, ಕಾರು ಗೇರಿನಲ್ಲಿರುವಾಗಲೇ ಎಂಜಿನ್ ಆರಿಸಬೇಕು. ಯಾವ ಗೇರ್ ಎಂಬುದನ್ನು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತಾರೆ. ಆ ಪುಸ್ತಕವನ್ನು ಕಾರು ಓಡಿಸುವವರೆಲ್ಲರೂ ಒಮ್ಮೆ ಓದಲಿ.

ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ನಿಲ್ಲಬೇಡಿ

ಏರಿನಲ್ಲಿ ಮುಂದಿನ ಬಸ್ಸು ನಿಂತಿತು. ಕೆಲವರು ಬ್ರೇಕ್ ಒತ್ತುವ ಬದಲು ಆಕ್ಸಿಲರೇಟರನ್ನೇ ಸ್ವಲ್ಪ ಒತ್ತಿ ಕಾರು ಹಿಂದೆ ಹೋಗದಂತೆ ಹಿಡಿಯುತ್ತಾರೆ. ಎಎಂಟಿ ಕಾರಿನಲ್ಲಿ ಇದು ಕ್ಲಚ್ ಪ್ಲೇಟನ್ನು ಉಜ್ಜಿ ಸುಡುತ್ತದೆ. ಎಣ್ಣೆಯ ಒತ್ತಡದಿಂದ ನಡೆಯುವ ಹಳೆಯ ಮಾದರಿಯ ಗೇರ್ ಬಾಕ್ಸಿನಲ್ಲಿ ಎಣ್ಣೆ ಕಾಯುತ್ತದೆ. ಕಾದ ಎಣ್ಣೆಯ ಗುಣ ಬೇಗ ಕೆಡುತ್ತದೆ. ನಿಲ್ಲಿಸಲು ಇರುವುದು ಬ್ರೇಕ್. ಅದನ್ನೇ ಬಳಸಿ.

ಸಿಗ್ನಲ್ಲಿನಲ್ಲಿ ಅರ್ಧ ನಿಮಿಷ ನಿಲ್ಲುವುದಿದ್ದರೆ ‘ಡಿ’ಯಲ್ಲೇ ಬ್ರೇಕ್ ಒತ್ತಿ ನಿಂತರೆ ಸಾಕು. ರೈಲ್ವೆ ಗೇಟ್ ಹಾಕಿದ್ದರೆ ‘ಎನ್’ಗೆ ತಂದು ಹ್ಯಾಂಡ್ ಬ್ರೇಕ್ ಎಳೆಯಿರಿ. ಕಾಲಿಗೂ ವಿಶ್ರಾಂತಿ.

ಇಕ್ಕಟ್ಟಾದ ಓಣಿಯಲ್ಲಿ, ಮದುವೆ ಮನೆಯ ಮುಂದೆ ಕಾರು ತಿರುಗಿಸುವಾಗ ಇನ್ನೊಂದು ಅವಸರ ಕಾಣುತ್ತದೆ. ಕಾರು ಹಿಂದಕ್ಕೆ ಚಲಿಸುತ್ತಿರುವಾಗಲೇ ‘ಡಿ’ಗೆ ತಳ್ಳುವುದು. ಆಗ ಕಾರನ್ನು ನಿಲ್ಲಿಸುವ ಕೆಲಸ ಗೇರ್ ಬಾಕ್ಸಿನೊಳಗಿನ ಪ್ಲೇಟುಗಳ ಪಾಲಿಗೆ ಬರುತ್ತದೆ. ಬ್ರೇಕ್ ಪ್ಯಾಡ್ ಸವೆದರೆ ಬದಲಿಸುವುದು ಸುಲಭ, ಖರ್ಚೂ ಕಡಿಮೆ. ಗೇರ್ ಬಾಕ್ಸ್ ಬಿಚ್ಚಿಸಿದರೆ ಮನೆಯ ಹಲವು ತಿಂಗಳ ಉಳಿತಾಯ ಕರಗುತ್ತದೆ. ಪೂರ್ತಿ ನಿಲ್ಲಿಸಿ, ಒಂದು ಉಸಿರು ಬಿಟ್ಟು, ಆಮೇಲೆ ಲಿವರ್ ಬದಲಿಸಿ.

ಘಟ್ಟ ಇಳಿಯುವಾಗ

ಹುಬ್ಬಳ್ಳಿಯಿಂದ ಅಂಕೋಲೆಗೆ ಬರುವವರು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಬೇಕು. ಪೆಟ್ರೋಲ್ ಉಳಿಯುತ್ತದೆಂದು ‘ಎನ್’ನಲ್ಲಿ ಇಳಿಯುವವರಿದ್ದಾರೆ. ಇದು ಉಳಿತಾಯವಲ್ಲ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ಬಹುಮಟ್ಟಿಗೆ ನಿಲ್ಲುತ್ತದೆ. ‘ಎನ್’ನಲ್ಲಾದರೋ ಎಂಜಿನ್ನಿನ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದು ಹಿಡಿತ ಕಳೆದುಕೊಂಡರೆ ಮುಂದಿನದು ಊಹಿಸಲೂ ಬೇಡ. ‘ಎಲ್’, ‘2’ ಅಥವಾ ‘ಎಂ’ನಲ್ಲಿ ಕೆಳಗಿನ ಗೇರ್ ಹಿಡಿದು ಇಳಿಯಿರಿ. ಬ್ರೇಕನ್ನು ಒಂದೇ ಸಮನೆ ಸವರುತ್ತಾ ಬರುವ ಬದಲು, ಬೇಕಾದಾಗ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಡಿ.

ಮಳೆಗಾಲದ ಎಚ್ಚರ

ಉಪ್ಪು ಗಾಳಿ ಮತ್ತು ಮಳೆ ಸೇರಿದರೆ ಕಬ್ಬಿಣ ಉಳಿಯುವುದಿಲ್ಲ. ಜೂನ್‌ನಿಂದ ವಾರಗಟ್ಟಲೆ ಕಾರು ನಿಲ್ಲಿಸಿಡುವುದಿದ್ದರೆ ಹ್ಯಾಂಡ್ ಬ್ರೇಕ್ ಹಿಡಿದುಕೊಂಡು ಬಿಡಬಹುದು. ಆಗ ಸಮತಟ್ಟಾದ ಜಾಗ ಆರಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲಿಟ್ಟು, ‘ಪಿ’ಯಲ್ಲಿ ಬಿಟ್ಟು ಹ್ಯಾಂಡ್ ಬ್ರೇಕ್ ಸಡಿಲಿಸಿ. ಕಾರು ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ತಿರುಗದಿದ್ದರೆ ಎಷ್ಟೋ ಗೇರ್ ಬಾಕ್ಸುಗಳೊಳಗೆ ಎಣ್ಣೆ ಹರಿಯುವುದಿಲ್ಲ. ಕಾರನ್ನು ಹೊತ್ತೊಯ್ಯುವ ವಾಹನ ತರಿಸಿ.

ನಿಲ್ಲಿಸುವ ಜಾಗವೂ ಮುಖ್ಯ. 2024ರ ಜುಲೈ 16ರಂದು ಇದೇ ಗಂಗಾವಳಿ ದಡದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿಯಲ್ಲಿದ್ದವರು, ವಾಹನ ನಿಲ್ಲಿಸಿದವರು ಪ್ರಾಣ ಕಳೆದುಕೊಂಡರು. ನದಿ ಸೇರಿದ ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಮಳೆಗಾಲದಲ್ಲಿ, ಕಡಿದ ಗುಡ್ಡದ ಕೆಳಗೆ ಐದು ನಿಮಿಷವೂ ಕಾರು ನಿಲ್ಲಿಸಬೇಡಿ.

ಕೊನೆಯದಾಗಿ, ತಾಯಂದಿರೇ, ಒಂದು ಮಾತು. ಎಂಜಿನ್ ಚಾಲೂ ಇದ್ದು ‘ಡಿ’ಯಲ್ಲಿದ್ದರೆ ಬ್ರೇಕಿನಿಂದ ಕಾಲು ತೆಗೆದ ಕೂಡಲೇ ಆಟೋಮೆಟಿಕ್ ಕಾರು ತಾನಾಗಿ ಮುಂದೆ ಸರಿಯುತ್ತದೆ. ಗೇಟು ತೆಗೆಯಲೆಂದು, ಮರೆತ ಚೀಲ ತರಲೆಂದು ಹಾಗೆಯೇ ಇಳಿಯಬೇಡಿ. ಒಳಗೆ ಮಗುವನ್ನು ಬಿಟ್ಟು ಇಳಿಯುವುದಂತೂ ಬೇಡವೇ ಬೇಡ. ಎಂಜಿನ್ ಆರಿಸಿ, ಕೀಲಿ ಕೈಯಲ್ಲಿ ಹಿಡಿದು, ಮಗುವನ್ನೂ ಜೊತೆಗೇ ಇಳಿಸಿಕೊಳ್ಳಿ. ಅರ್ಧ ನಿಮಿಷ ತಡವಾದೀತು. ಆ ಅರ್ಧ ನಿಮಿಷವನ್ನು ಮನೆಯಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ.